ನೂರಕ್ಕೆ ನೂರು ಅಂತ ಠರಾವು ಪಾಸಾದ ಮೇಲೆ

ಊರಿಗೆ ಬೇಕಾದ ಕರೆಂಟೆಲ್ಲ ಮುಂದೆ ಬಿಸಿಲು, ಗಾಳಿ, ನೀರಿನಂಥ ಮೂಲಗಳಿಂದಲೇ ಬರಬೇಕು ಅನ್ನುವ ಠರಾವನ್ನು ನಗರಸಭೆ ಒಂದೇ ಮಧ್ಯಾಹ್ನದಲ್ಲಿ ಪಾಸು ಮಾಡಿತು. ಯಾರೂ ವಿರೋಧಿಸಲಿಲ್ಲ. ವಿರೋಧಿಸಲು ಅದರಲ್ಲಿ ಏನೂ ಇರಲಿಲ್ಲ ಅನ್ನಿ. ದುಡ್ಡಿನ ಮಾತಿಲ್ಲ, ಯಾರು ಮಾಡಬೇಕು ಅಂತಿಲ್ಲ, ಗುರಿ ಮುಟ್ಟುವ ವರ್ಷ ಒಂದಿತ್ತು, ಅದೂ ಅಲ್ಲಿ ಕೂತಿದ್ದ ಸದಸ್ಯರ ಅವಧಿಯೆಲ್ಲ ಮುಗಿದು ಎಷ್ಟೋ ಕಾಲ ಆದ ಮೇಲಿನದು. ದಾರಿ ಹುಡುಕಲು ಒಂದು ಸಮಿತಿ ಮಾಡಿದರು. ಅದರಲ್ಲಿ ಒಂದಿಬ್ಬರು ಅಧಿಕಾರಿಗಳು, ಒಬ್ಬ ನಿವೃತ್ತ ಎಂಜಿನಿಯರ್, ವ್ಯಾಪಾರಿಗಳ ಸಂಘದವರು, ಜೊತೆಗೆ ನನ್ನಂಥ ಕೆಲವು ನಾಗರಿಕರು. ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಅದಕ್ಕೇ ಕರೆದಿರಬೇಕು. ಸೋಲಾರ್ ಬಗ್ಗೆ ನನಗೆ ಗೊತ್ತಿದ್ದದ್ದು ಬೇರೆಯವರ ಮನೆ ತಾರಸಿ ನೋಡಿ ಗೊತ್ತಾದಷ್ಟೇ.

ನಾನು ಅಂದುಕೊಂಡಿದ್ದು, ಮೊದಲ ಸಭೆಯಲ್ಲಿ ಪ್ಯಾನೆಲ್ ಎಲ್ಲಿ ಹಾಕಬೇಕು ಅನ್ನುವ ಮಾತು ಬರುತ್ತೆ ಅಂತ. ಬಂದದ್ದು ಬೇರೆಯೇ. ನೂರಕ್ಕೆ ನೂರು ಅಂತ ಬರೆದಿದ್ದಾರಲ್ಲ, ಯಾವುದರ ನೂರು? ನಗರಸಭೆ ತಾನು ಬಿಲ್ಲು ಕಟ್ಟುವ ಕರೆಂಟಾ? ಇಡೀ ಊರಿನ ಮನೆ, ಅಂಗಡಿ, ಕಾರ್ಖಾನೆಗಳ ಕರೆಂಟಾ? ಅಥವಾ ವಾಹನಕ್ಕೆ ಹಾಕುವ ಪೆಟ್ರೋಲು, ಡೀಸೆಲ್ಲು, ಅಡುಗೆಯ ಗ್ಯಾಸು ಎಲ್ಲ ಸೇರಿದ ಇಂಧನವಾ? ಮೂರಕ್ಕೂ ಅಜಗಜಾಂತರ. ಪ್ರಪಂಚದಲ್ಲಿ ಜನ ಬಳಸುವ ಒಟ್ಟು ಇಂಧನದಲ್ಲಿ ಕರೆಂಟಿನ ಪಾಲು ಹೆಚ್ಚುಕಮ್ಮಿ ಐದನೇ ಒಂದು ಭಾಗ ಅಷ್ಟೇ. ಹಾಗಾಗಿ ಕರೆಂಟೆಲ್ಲ ಶುದ್ಧವಾಯಿತು ಅಂದರೂ ಉಳಿದ ದೊಡ್ಡ ಪಾಲು ಹಾಗೇ ಉರೀತಾ ಇರುತ್ತೆ. ಸಭೆಯಲ್ಲಿದ್ದ ಒಬ್ಬರಂತೂ ನಗರಸಭೆ ಕಟ್ಟಡದ ಮೇಲೆ ಪ್ಯಾನೆಲ್ ಹಾಕಿ ಫೋಟೋ ತೆಗೆಸಿದರೆ ಕೆಲಸ ಮುಗೀತು ಅಂತಲೇ ನಂಬಿದ್ದರು. ಪಾಪ, ಅವರ ತಪ್ಪೇನಿಲ್ಲ. ಠರಾವು ಓದಿದರೆ ಹಾಗೂ ಅರ್ಥ ಮಾಡಿಕೊಳ್ಳಬಹುದಿತ್ತು.

ಕೊನೆಗೆ ಮೊದಲು ನಗರಸಭೆಯದ್ದು, ಆಮೇಲೆ ಊರಿನ ಕರೆಂಟು, ಕೊನೆಗೆ ವಾಹನ ಮತ್ತು ಅಡುಗೆ ಅಂತ ಮೂರು ಹಂತ ಮಾಡಿಕೊಂಡೆವು. ಅಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತು. ಇದು ನನಗೆ ಹೆಚ್ಚು ರುಚಿಸಿತು, ಯಾಕಂದರೆ ಇದು ಪಕ್ಕಾ ಲೆಕ್ಕದ ವಿಷಯ. ವರ್ಷಕ್ಕೆ ಊರು ಬಳಸುವಷ್ಟೇ ಯೂನಿಟ್ಟನ್ನು ವರ್ಷದಲ್ಲಿ ಬಿಸಿಲು ಗಾಳಿಯಿಂದ ಹುಟ್ಟಿಸಿದರೆ ನೂರಕ್ಕೆ ನೂರು ಅನ್ನಬಹುದಾ? ಮಧ್ಯಾಹ್ನ ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟುತ್ತೆ, ಹೊರಗಿನ ಗ್ರಿಡ್ಡಿಗೆ, ಅಂದರೆ ಊರೂರಿಗೆ ಕರೆಂಟು ಸಾಗಿಸುವ ತಂತಿಜಾಲಕ್ಕೆ, ಹೋಗುತ್ತೆ. ರಾತ್ರಿ ಅದೇ ಗ್ರಿಡ್ಡಿನಿಂದ ಕಲ್ಲಿದ್ದಲಿನ ಕರೆಂಟು ವಾಪಸ್ ಬರುತ್ತೆ. ಕಾಗದದ ಮೇಲೆ ಚುಕ್ತಾ. ನಿಜದಲ್ಲಿ ರಾತ್ರಿಯ ದೀಪ ಕಲ್ಲಿದ್ದಲಿನಲ್ಲೇ ಉರೀತಿದೆ.

ಬೇರೆ ಊರುಗಳು ಏನು ಮಾಡಿವೆ ಅಂತ ಓದಲು ಕೂತಾಗ ಗೊತ್ತಾಯಿತು, ಹೆಸರುವಾಸಿ ಊರುಗಳೂ ಬಹುಪಾಲು ಹೀಗೇ ಲೆಕ್ಕ ಹಾಕಿವೆ. ಡೆನ್ಮಾರ್ಕಿನ ಸಾಮ್ಸೊ ದ್ವೀಪವನ್ನು ತೆಗೆದುಕೊಳ್ಳಿ. ಸುಮಾರು ನಾಲ್ಕು ಸಾವಿರ ಜನರಿದ್ದ ದ್ವೀಪ. 1997ರಲ್ಲಿ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು, ಹತ್ತು ವರ್ಷದೊಳಗೆ ಪೂರ್ತಿ ನವೀಕರಿಸಬಹುದಾದ ಇಂಧನಕ್ಕೆ ಬರುತ್ತೇವೆ ಅಂತ ಹೊರಟರು. ನೆಲದ ಮೇಲೆ 11, ಸಮುದ್ರದಲ್ಲಿ 10 ಗಾಳಿಯಂತ್ರ ನಿಲ್ಲಿಸಿದರು. ಮನೆಗಳನ್ನು ಬೆಚ್ಚಗಿಡಲು ಹುಲ್ಲು ಉರಿಸುವ ಸ್ಥಾವರ ಕಟ್ಟಿದರು. ಆದರೆ ಕಾರು, ಟ್ರ್ಯಾಕ್ಟರು, ದೋಣಿಗಳೆಲ್ಲ ಎಣ್ಣೆಯಲ್ಲೇ ಓಡುತ್ತಿದ್ದವು. ಅದಕ್ಕೆ ಸಮನಾಗಿ ಸಮುದ್ರದ ಯಂತ್ರಗಳ ಕರೆಂಟನ್ನು ಹೊರಗೆ ಕಳಿಸಿ ಸರಿದೂಗಿಸಿದರು. ಅಮೆರಿಕದ ವರ್ಮಾಂಟಿನ ಬರ್ಲಿಂಗ್ಟನ್ ಊರು 2014ರಲ್ಲಿ ಒಂದು ಜಲವಿದ್ಯುತ್ ಘಟಕ ಕೊಂಡು, ನಮ್ಮ ಕರೆಂಟೆಲ್ಲ ನವೀಕರಿಸಬಹುದಾದದ್ದು ಅಂತ ಹೇಳಿತು. ಅಲ್ಲೂ ಕರೆಂಟಿನ ಒಳ್ಳೆಯ ಪಾಲು ಮರದ ಚಕ್ಕೆ ಉರಿಸಿ ಬರುವುದು. ಜೊತೆಗೆ ಆ ಊರು ತನ್ನ ಬೆಲೆಬಾಳುವ ಹಸಿರು ಸರ್ಟಿಫಿಕೇಟುಗಳನ್ನು, ಅಂದರೆ ಇಷ್ಟು ಕರೆಂಟು ಇಂಥ ಮೂಲಗಳಿಂದ ಹುಟ್ಟಿತು ಅನ್ನುವ ಮಾರಬಹುದಾದ ದಾಖಲೆಗಳನ್ನು, ಮಾರಿ, ಅಗ್ಗದವನ್ನು ಕೊಂಡು ಲೆಕ್ಕ ತುಂಬಿಸುತ್ತೆ. ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಮುಚ್ಚುಮರೆಯಿಲ್ಲದೆ ಮಾಡಿದ್ದಾರೆ. ಆದರೆ ಸಭೆಯಲ್ಲಿ ನಾನು ಹಟ ಹಿಡಿದದ್ದು ಒಂದೇ ಮಾತಿಗೆ: ನಾವು ಯಾವ ಲೆಕ್ಕ ಹಾಕುತ್ತೇವೆ ಅನ್ನುವುದನ್ನು ಮೊದಲೇ ಬರೆದಿಡಬೇಕು, ಆಮೇಲೆ ಅನುಕೂಲ ನೋಡಿ ಬದಲಾಯಿಸಬಾರದು. ಕೆಲವರಿಗೆ ನನ್ನ ಮೇಲೆ ಬೇಜಾರಾಯಿತು. ಆಗಲಿ ಬಿಡಿ.

ಆಮೇಲೆ ಬಿಲ್ಲು ಒಟ್ಟುಗೂಡಿಸುವ ಕೆಲಸ. ಇದನ್ನು ಯಾರೂ ಕೆಲಸ ಅಂತಲೇ ಎಣಿಸುವುದಿಲ್ಲ, ಆದರೆ ಈ ಇಡೀ ವ್ಯವಹಾರದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇದೇ. ನಗರಸಭೆಯ ಹೆಸರಿನಲ್ಲಿ ಎಷ್ಟು ಮೀಟರು ಇವೆ ಅಂತ ಒಂದೇ ಕಡೆ ಬರೆದ ಪಟ್ಟಿ ಇರಲಿಲ್ಲ. ಒಂದು ವಿಭಾಗದ್ದು ಕಡತದಲ್ಲಿ, ಇನ್ನೊಂದರದ್ದು ಕಂಪ್ಯೂಟರಿನಲ್ಲಿ, ಮತ್ತೊಂದರದ್ದು ಯಾರೋ ಒಬ್ಬ ಗುಮಾಸ್ತರ ತಲೆಯಲ್ಲಿ. ಕೆಡವಿ ಎಷ್ಟೋ ಕಾಲವಾದ ಕಟ್ಟಡದ ಮೀಟರಿಗೆ ತಿಂಗಳು ತಿಂಗಳೂ ಕನಿಷ್ಠ ಶುಲ್ಕ ಹೋಗುತ್ತಲೇ ಇತ್ತು. ಬತ್ತಿಹೋದ ಬಾವಿಯ ಪಂಪಿಗೂ ಹಾಗೇ. ಕೆಲವು ಬೀದಿ ದೀಪಗಳಿಗೆ ಮೀಟರೇ ಇಲ್ಲ, ಇಷ್ಟು ದೀಪಕ್ಕೆ ಇಷ್ಟು ಅಂತ ಅಂದಾಜಿನ ಬಿಲ್ಲು. ಅಂದಾಜು ಮಾಡಿದ ಕಾಲದ ಬಲ್ಬುಗಳು ಈಗ ಅಲ್ಲಿಲ್ಲ. ಯಾವ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಲೋಡು, ಯಾವ ಹೊತ್ತಿಗೆ ಎಷ್ಟು ಅಂತ ಕರೆಂಟು ಕೊಡುವ ಕಚೇರಿಯನ್ನು ಕೇಳಿದರೆ ಪತ್ರ ಕೊಡಿ ಅಂದರು. ಕೊಟ್ಟೆವು. ಸಹಿ ಇಲ್ಲ ಅಂದರು. ಸಹಿ ಹಾಕಿಸಿದೆವು. ಈ ಮಾಹಿತಿ ನಮ್ಮ ವಿಭಾಗದ್ದಲ್ಲ ಅಂದರು. ಕೊನೆಗೆ ಅಲ್ಲಿನ ಕಿರಿಯ ಎಂಜಿನಿಯರ್ ಒಬ್ಬರು, "ಸರ್, ನೀವು ಸುಮ್ನೆ ಓಡಾಡೋದು ನೋಡೋಕಾಗ್ತಿಲ್ಲ" ಅಂತ ದೊಡ್ಡವರ ಒಪ್ಪಿಗೆ ಪಡೆದು ಅಂಕಿಅಂಶ ತೆಗೆದುಕೊಟ್ಟರು. ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು.

ಎಲ್ಲ ಸೇರಿಸಿ ನೋಡಿದಾಗ ನಗರಸಭೆಯ ಕರೆಂಟಿನಲ್ಲಿ ಕಚೇರಿಗಳ ಪಾಲು ತೀರಾ ಸಣ್ಣದು. ಹೆಚ್ಚಿನದೆಲ್ಲ ನೀರು ಎತ್ತುವುದಕ್ಕೆ, ಕೊಳಚೆ ನೀರು ಸಾಗಿಸಿ ಶುದ್ಧ ಮಾಡುವುದಕ್ಕೆ, ಬೀದಿ ದೀಪಕ್ಕೆ. ಇಲ್ಲಿಗೆ ಬಂದಾಗ ನಿವೃತ್ತ ಎಂಜಿನಿಯರ್ ಹೇಳಿದರು, "ಪ್ಯಾನೆಲ್ ವಿಷಯ ಆಮೇಲೆ. ಮೊದಲು ಸೋರಿಕೆ ನಿಲ್ಲಿಸಿ. ತೂತು ಬಿಂದಿಗೆಗೆ ಹೊಸ ಬಾವಿ ತೋಡ್ತೀರಾ?" ಆಸ್ಟ್ರಿಯಾದ ಗ್ಯೂಸಿಂಗ್ ಅನ್ನುವ ಪುಟ್ಟ ಊರೂ 1990ರ ದಶಕದ ಆರಂಭದಲ್ಲಿ ಹೀಗೇ ಹೊರಟಿತ್ತು. ಬಡ ಪ್ರದೇಶ, ಇಂಧನಕ್ಕೆ ಕೊಡುವ ದುಡ್ಡು ಊರು ಬಿಟ್ಟು ಹೋಗುತ್ತಿತ್ತು. ಮೇಯರ್ ಪೀಟರ್ ವಡಾಷ್ ಮತ್ತು ಎಂಜಿನಿಯರ್ ರೈನ್‌ಹಾರ್ಡ್ ಕಾಖ್ ಮೊದಲು ಮಾಡಿದ್ದು ಸಾರ್ವಜನಿಕ ಕಟ್ಟಡಗಳ ಇಂಧನ ಖರ್ಚನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದ್ದು. ಮರದಿಂದ ಅನಿಲ ತೆಗೆದು ಕರೆಂಟು ಮಾಡುವ, ಹೆಸರು ತಂದುಕೊಟ್ಟ ಸ್ಥಾವರ ಬಂದದ್ದು ಆಮೇಲೆ, 2001ರಲ್ಲಿ. ಅದನ್ನು ನಡೆಸುತ್ತಿದ್ದ ಸಂಸ್ಥೆ 2013ರಲ್ಲಿ ದಿವಾಳಿ ಅರ್ಜಿ ಹಾಕಿತು. ಸ್ಥಾವರದ ಕಥೆ ಏನೇ ಆದರೂ, ಮೊದಲು ಉಳಿಸಿದ್ದು ಉಳಿತಾಯವೇ ಅಲ್ವಾ?

ಬೀದಿ ದೀಪ ಸುಲಭ. ಹಳದಿ ಬೆಳಕಿನ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿದರೆ ಅರ್ಧಕ್ಕರ್ಧ ಉಳಿಯುತ್ತೆ. ಸುಂಟರಗಾಳಿಗೆ 2007ರಲ್ಲಿ ನೆಲಸಮವಾದ ಅಮೆರಿಕದ ಗ್ರೀನ್ಸ್‌ಬರ್ಗ್ ಊರು ಮತ್ತೆ ಕಟ್ಟುವಾಗ ಎಲ್ಲ ಬೀದಿಗೂ ಎಲ್‌ಇಡಿಯೇ ಹಾಕಿತು. ಪಂಪಿನ ವಿಷಯ ಹಾಗಲ್ಲ. ಪಂಪು ಎಳೆಯುವ ಕರೆಂಟು ಅದರ ವೇಗದ ಘನಕ್ಕೆ, ಅಂದರೆ ವೇಗವನ್ನು ಮೂರು ಸಲ ಇಟ್ಟು ಗುಣಿಸಿದ್ದಕ್ಕೆ, ತಕ್ಕಂತೆ ಏರಿಳಿಯುತ್ತೆ. ವೇಗವನ್ನು ನೂರಕ್ಕೆ ಇಪ್ಪತ್ತು ಇಳಿಸಿದರೆ ಕರೆಂಟು ಅರ್ಧದಷ್ಟಾಗುತ್ತೆ. ಇದನ್ನು ಕೇಳಿ ನಾನು ಎಲ್ಲ ಪಂಪಿಗೂ ವೇಗ ನಿಯಂತ್ರಕ ಹಾಕಿಸೋಣ ಅಂದೆ. ಎಂಜಿನಿಯರ್ ನಕ್ಕರು. ಪೈಪಿನೊಳಗಿನ ಘರ್ಷಣೆಯೇ ಮುಖ್ಯವಾಗಿರುವ ಕಡೆ ಆ ಲೆಕ್ಕ ಸರಿ, ಆದರೆ ನೀರನ್ನು ಎತ್ತರದ ಟ್ಯಾಂಕಿಗೆ ಎತ್ತುವ ಕಡೆ ಅಷ್ಟು ಉಳಿಯುವುದಿಲ್ಲ, ಎತ್ತರಕ್ಕೆ ಬೇಕಾದ ಶಕ್ತಿ ಬೇಕೇ ಬೇಕು. ಅಂಥಲ್ಲಿ ನೋಡಬೇಕಾದ್ದು ಪಂಪು ಆ ಕೆಲಸಕ್ಕೆ ತಕ್ಕದ್ದಾ, ಸವೆದಿದೆಯಾ ಅಂತ. ಅಳೆಸಿದಾಗ ನಮ್ಮಲ್ಲಿ ಹಲವು ಪಂಪುಗಳು ಬೇಕಾದ್ದಕ್ಕಿಂತ ದೊಡ್ಡವಿದ್ದವು, ವಾಲ್ವನ್ನು ಅರ್ಧ ಮುಚ್ಚಿ ಓಡಿಸುತ್ತಿದ್ದರು. ಇನ್ನು ಪೈಪಿನಲ್ಲಿ ಸೋರಿದ ಪ್ರತಿ ಲೀಟರಿಗೂ ಎತ್ತಿದ ಖರ್ಚು ಆಗಿಯೇ ಇರುತ್ತೆ. ಸೋರಿಕೆ ಹುಡುಕಿ ಮುಚ್ಚಿದ್ದೂ ಇಂಧನದ ಕೆಲಸವೇ ಅಂತ ಒಪ್ಪಿಸಲು ನನಗೆ ಸಾಕಾಗಿಹೋಯಿತು. ಪಂಪು ಬದಲಾಯಿಸಿದರೆ ಟೇಪು ಕತ್ತರಿಸಲು ಯಾರೂ ಬರುವುದಿಲ್ಲ ನೋಡಿ, ಅದೇ ತೊಂದರೆ.

ಅಂತೂ ತಾರಸಿಗಳ ಸರದಿ ಬಂತು. ನಕ್ಷೆ ಮೇಲೆ ನೋಡಿದರೆ ಎಲ್ಲ ತಾರಸಿಯೂ ಖಾಲಿ. ಹತ್ತಿ ನೋಡಿದರೆ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಮೊಬೈಲ್ ಗೋಪುರ, ಪಕ್ಕದ ಮರದ ನೆರಳು. ಪ್ಯಾನೆಲ್‌ಗಳನ್ನು ತಂತಿಯಿಂದ ಒಂದಕ್ಕೊಂದು ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯುತ್ತೆ. ಬಿಸಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದೂ ಅರ್ಧ ನಿಜ. ಬೇಕಾದ್ದು ಬೆಳಕು, ಕಾವಲ್ಲ. ಪ್ಯಾನೆಲ್ಲಿನ ಮೇಲೆ ಬರೆದ ವಾಟ್ 25 ಡಿಗ್ರಿಯಲ್ಲಿ ಅಳೆದದ್ದು, ಅಲ್ಲಿಂದ ಕಾವು ಏರಿದ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಕಡಿಮೆ. ಕೆಳಗೆ ಗಾಳಿಯಾಡಲು ಜಾಗ ಬಿಟ್ಟು ಹಾಕಬೇಕು ಅನ್ನುವುದು ಅದಕ್ಕೇ. ಚೆನ್ನಾಗಿ ಬಿಸಿಲು ಬೀಳುವ ಕಡೆ ಒಂದು ಕಿಲೋವಾಟ್ ಪ್ಯಾನೆಲ್ಲಿನಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅಂತ ಲೆಕ್ಕ ಹಿಡಿಯುತ್ತಾರೆ. ಈ ಅಂಕಿ ಇಟ್ಟುಕೊಂಡು ಊರಿನ ಒಳ್ಳೆಯ ತಾರಸಿಗಳನ್ನೆಲ್ಲ ತುಂಬಿಸಿದರೂ ನಮ್ಮ ಗುರಿ ಮುಟ್ಟುವುದಿಲ್ಲ ಅಂತ ಗೊತ್ತಾದದ್ದು ಒಂದು ಸಂಜೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜನರ ದೊಡ್ಡ ಸಿಟ್ಟು ಬೇರೆಯದಕ್ಕೆ. "ನಮ್ಮ ತಲೆ ಮೇಲೆ ಸೋಲಾರ್ ಇಟ್ಕೊಂಡೂ, ಬೀದಿಯಲ್ಲಿ ಕರೆಂಟು ಹೋದರೆ ನಮ್ಮ ಮನೇಲೂ ಹೋಗುತ್ತಾ?" ಅಂತ ಒಬ್ಬ ಹಿರಿಯ ಹೆಂಗಸು ಕೇಳಿದರು. ಹೌದಮ್ಮಾ, ಹೋಗುತ್ತೆ ಅಂದೆವು. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರು ಗ್ರಿಡ್ಡಿನಲ್ಲಿ ಕರೆಂಟು ಇಲ್ಲದಾಗ ತಾನೂ ನಿಲ್ಲಬೇಕು. ಇಲ್ಲವಾದರೆ ಲೈನು ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ಮನೆಮನೆಗಳಿಂದ ಹರಿಯುವ ಕರೆಂಟು ಹೊಡೆದೀತು. ಬ್ಯಾಟರಿ ಇದ್ದು, ಮನೆಯನ್ನು ಗ್ರಿಡ್ಡಿನಿಂದ ಬೇರೆ ಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ಮಾತ್ರ ಆಗ ದೀಪ ಉರಿಯುತ್ತೆ. ಇದನ್ನು ಮಾರುವವರು ಮೊದಲೇ ಹೇಳಬೇಕು. ಎಷ್ಟೋ ಜನ ಹೇಳುವುದಿಲ್ಲ. ಸ್ವಂತ ತಾರಸಿಯೇ ಇಲ್ಲದ ಬಾಡಿಗೆದಾರರ ಮಾತಂತೂ ಠರಾವಿನಲ್ಲೇ ಇರಲಿಲ್ಲ. ಅವರೂ ಊರಿನವರೇ ತಾನೇ.

ಇನ್ನು ಸಂಜೆಯ ಸಮಸ್ಯೆ. ಸೂರ್ಯ ಇಳಿಯುವ ಹೊತ್ತಿಗೆ ಸರಿಯಾಗಿ ಮನೆಮನೆಯಲ್ಲೂ ಸ್ವಿಚ್ಚು ಒತ್ತುತ್ತಾರೆ. ಗುಜರಾತಿನ ಮೊಢೇರಾ ಗ್ರಾಮವನ್ನು 2022ರ ಅಕ್ಟೋಬರಿನಲ್ಲಿ ಇಡೀ ದಿನ ಸೋಲಾರಿನಲ್ಲಿ ನಡೆಯುವ ದೇಶದ ಮೊದಲ ಗ್ರಾಮ ಅಂತ ಘೋಷಿಸಿದರಲ್ಲ, ಅಲ್ಲಿ ನೆಲದ ಮೇಲಿನ 6 ಮೆಗಾವಾಟ್ ಸ್ಥಾವರ ಮತ್ತು 1300ಕ್ಕೂ ಹೆಚ್ಚು ಮನೆಗಳ ಮೇಲಿನ ಪ್ಯಾನೆಲ್ಲುಗಳ ಜೊತೆಗೆ 15 ಮೆಗಾವಾಟ್-ಅವರ್, ಅಂದರೆ ಹದಿನೈದು ಸಾವಿರ ಯೂನಿಟ್ ಕೂಡಿಡುವ ಬ್ಯಾಟರಿ ಇದೆ. ರಾತ್ರಿಯ ಗುಟ್ಟು ಆ ಬ್ಯಾಟರಿಯಲ್ಲಿದೆ. ನಮ್ಮ ಹತ್ತಿರ ಅಷ್ಟು ದೊಡ್ಡದಕ್ಕೆ ದುಡ್ಡಿರಲಿಲ್ಲ. ಆಗ ಆ ಕಿರಿಯ ಎಂಜಿನಿಯರ್ ಕೊಟ್ಟ ಸಲಹೆ ನನಗೆ ಈಗಲೂ ಮೆಚ್ಚುಗೆ. ನೀರಿನ ಪಂಪುಗಳನ್ನು ರಾತ್ರಿ ಯಾಕೆ ಓಡಿಸುತ್ತೀರಿ, ಮಧ್ಯಾಹ್ನ ಓಡಿಸಿ ಅಂದರು. ಟ್ಯಾಂಕು ತುಂಬಿದ್ದರೆ ರಾತ್ರಿಯ ಕರೆಂಟನ್ನು ಮಧ್ಯಾಹ್ನವೇ ಎತ್ತಿಟ್ಟಂತೆ. ಹೇಳಲು ಸುಲಭ, ಮಾಡಲು ಪಂಪು ನೋಡಿಕೊಳ್ಳುವವರ ಪಾಳಿ ಬದಲಾಗಬೇಕಿತ್ತು. ರಾತ್ರಿ ಪಾಳಿಯ ಭತ್ಯೆ ಹೋಗುತ್ತೆ ಅಂತ ಅವರು ಒಪ್ಪಲಿಲ್ಲ. ಅವರ ಮಾತೂ ನ್ಯಾಯವೇ. ಭತ್ಯೆ ಬೇರೆ ರೂಪದಲ್ಲಿ ಉಳಿಸಿಕೊಡುವ ತೀರ್ಮಾನ ಆದ ಮೇಲೇ ಪಂಪುಗಳು ಹಗಲಿಗೆ ಬಂದದ್ದು. ಬ್ಯಾಟರಿಗಿಂತ ಎಷ್ಟೋ ಅಗ್ಗ.

ತಾರಸಿ ಸಾಲದು ಅಂದ ಮೇಲೆ ಊರ ಹೊರಗೆ ಒಂದು ಸೋಲಾರ್ ಸ್ಥಾವರ ಬೇಕು. ಅದಕ್ಕೆ ಸಾರ್ವಜನಿಕ ಸಭೆ ಕರೆದೆವು. ಅಬ್ಬಾ! ದನ ಮೇಯುವ ಜಾಗ ಹೋಗುತ್ತೆ ಅಂದರು, ಕಣ್ಣು ಕುಕ್ಕುತ್ತೆ ಅಂದರು, ಪ್ಯಾನೆಲ್ ಬಿಸಿಲನ್ನೆಲ್ಲ ಎಳೆದುಕೊಂಡು ಮಳೆ ಕಡಿಮೆಯಾಗುತ್ತೆ ಅಂದವರೂ ಇದ್ದರು. ಕೊನೆಯದಕ್ಕೆ ನಗಬಹುದು, ಮೊದಲನೆಯದಕ್ಕೆ ನಗುವಂತಿಲ್ಲ. ಆ ಜಾಗ ಕೈಬಿಟ್ಟು, ಮುಚ್ಚಿದ ಹಳೆಯ ಕಸದ ಗುಡ್ಡೆಯನ್ನು ಆರಿಸಿಕೊಂಡೆವು. ಅಲ್ಲಿ ಆಳಕ್ಕೆ ಅಗೆಯುವಂತಿಲ್ಲ, ನೆಲ ಕುಸಿಯುತ್ತಿರುತ್ತೆ, ಹಾಗಾಗಿ ಭಾರ ಹೇರಿ ನಿಲ್ಲಿಸುವ ಚೌಕಟ್ಟು ಬೇಕು, ಖರ್ಚು ಜಾಸ್ತಿ. ಆದರೆ ಜಗಳ ಕಡಿಮೆ.

ಆ ಸಭೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಪಾಲುದಾರಿಕೆಯ ಮಾತು. ಸಾಮ್ಸೊದಲ್ಲಿ ಅದನ್ನೇ ಮಾಡಿದ್ದರು. ಅಲ್ಲಿನವರೇ ಆದ ಸೋರೆನ್ ಹೆರ್ಮಾನ್ಸೆನ್ ಮನೆಮನೆಗೆ, ಸಭೆ ಸಭೆಗೆ ಹೋಗಿ ಜನರನ್ನು ಒಪ್ಪಿಸಿದರು. ಗಾಳಿಯಂತ್ರಗಳಲ್ಲಿ ರೈತರು, ಸಾಮಾನ್ಯ ಜನರು ಷೇರು ಕೊಂಡರು. ನಮ್ಮಲ್ಲೂ ಸ್ಥಾವರದ ಒಂದು ಪಾಲನ್ನು ಊರಿನವರಿಗೇ, ಅದರಲ್ಲೂ ತಾರಸಿ ಇಲ್ಲದ ಬಾಡಿಗೆದಾರರಿಗೆ ಮೊದಲು ಕೊಡುವುದು, ಅವರ ಪಾಲಿನ ಯೂನಿಟ್ಟು ಅವರ ಬಿಲ್ಲಿನಲ್ಲೇ ಕಳೆಯುವುದು ಅಂತ ಆಯಿತು. ನಮಗೇನು ಸಿಗುತ್ತೆ ಅನ್ನುವ ಪ್ರಶ್ನೆ ಸ್ವಾರ್ಥ ಅಂತ ಸಮಿತಿಯಲ್ಲಿ ಕೆಲವರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಬಿಲ್ಲು ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ ಅದು.

ಉಳಿದ ಕರೆಂಟನ್ನು ದೂರದ ಗಾಳಿ ಸ್ಥಾವರದಿಂದ ಕೊಳ್ಳುವ ಒಪ್ಪಂದದ ಕರಡು ಬಂದಾಗ ನನ್ನ ಸರದಿ. ಓದುವ ಮೊದಲು ಟೆಕ್ಸಸ್‌ನ ಜಾರ್ಜ್‌ಟೌನ್ ಊರಿನ ಕಥೆಯನ್ನು ಎಲ್ಲರಿಗೂ ಹೇಳಿದೆ. ಡೇಲ್ ರಾಸ್ ಮೇಯರ್ ಆಗಿದ್ದಾಗ, 2015ರಲ್ಲಿ, ಆ ಊರು ಪೂರ್ತಿ ಗಾಳಿ ಮತ್ತು ಬಿಸಿಲಿಗೆ ಬರುವುದಾಗಿ ಘೋಷಿಸಿ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತು. ಜಗತ್ತೇ ಹೊಗಳಿತು. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟಿಗೆ ಸಹಿ ಹಾಕಿದ್ದರು, ಹೆಚ್ಚಾದದ್ದನ್ನು ಮಾರಿಕೊಳ್ಳೋಣ ಅಂತ. ಮಾರುಕಟ್ಟೆಯಲ್ಲಿ ಕರೆಂಟಿನ ದರ ಬಿದ್ದಿತು, 2018ರಲ್ಲಿ ಊರಿನ ಖಜಾನೆಗೆ ದಶಲಕ್ಷಗಟ್ಟಲೆ ಡಾಲರ್ ಹೊಡೆತ ಬಿತ್ತು, ಮರುವರ್ಷ ಜನರ ಬಿಲ್ಲು ಏರಿತು. ಗಾಳಿಯದ್ದೂ ಬಿಸಿಲಿನದ್ದೂ ದೋಷ ಅಲ್ಲ ಅದು, ಪ್ರಮಾಣದ್ದು. ನಮ್ಮ ಕರಡಿನಲ್ಲೂ ಬಳಸಿದರೂ ಬಳಸದಿದ್ದರೂ ದುಡ್ಡು ಕೊಡಬೇಕು ಅನ್ನುವ ಕಲಮು ಒಳಗೆ ಎಲ್ಲೋ ಕೂತಿತ್ತು. ಪಂಪು ಮತ್ತು ದೀಪದ ಉಳಿತಾಯ ಆದ ಮೇಲೆ ನಮಗೆ ಬೇಕಾದ ಕರೆಂಟು ಕರಡಿನಲ್ಲಿದ್ದಕ್ಕಿಂತ ಕಡಿಮೆ ಅಂತ ಬಿಲ್ಲಿನ ಪಟ್ಟಿ ಇಟ್ಟು ತೋರಿಸಿದೆ. ಪ್ರಮಾಣ ಇಳಿಯಿತು, ಅವಧಿಯೂ ಚಿಕ್ಕದಾಯಿತು.

ಆಮೇಲೆ ಹಳೆಯ ಠರಾವನ್ನು ತಿದ್ದಲು ನಗರಸಭೆಗೆ ವಾಪಸ್ ಹೋದೆವು. ಮಾತು ತಪ್ಪುತ್ತಿದ್ದೀರಿ ಅಂತ ವಿರೋಧ ಬಂತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಂಥ ನಗರವೇ 2025ಕ್ಕೆ ಇಂಗಾಲದ ಲೆಕ್ಕ ಸೊನ್ನೆ ಮಾಡುತ್ತೇವೆ ಅಂದಿದ್ದು, 2022ರಲ್ಲೇ ಆಗುವುದಿಲ್ಲ ಅಂತ ಒಪ್ಪಿಕೊಂಡಿತು. ಕಸ ಸುಡುವ ಸ್ಥಾವರದ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ, ಅದು ನೆಚ್ಚಿದ್ದ ಯೋಜನೆಗೆ ದುಡ್ಡು ಸಿಗಲಿಲ್ಲ. ನಮ್ಮ ತಿದ್ದುಪಡಿಯಲ್ಲಿ ಕೊನೆಯ ವರ್ಷ ಹಾಗೇ ಉಳಿಯಿತು. ನಡುವೆ ಹಂತದ ಗುರಿಗಳು ಬಂದವು, ಪ್ರತಿ ವರ್ಷ ಲೆಕ್ಕ ಹೊರಗಿಡಬೇಕು ಅಂತ ಆಯಿತು, ವರ್ಷದ ಒಟ್ಟಿನ ಜೊತೆ, ಪ್ರತಿ ಗಂಟೆ ಬಳಸಿದ್ದೆಷ್ಟು, ಅದೇ ಗಂಟೆಯಲ್ಲಿ ಹುಟ್ಟಿದ್ದೆಷ್ಟು ಅನ್ನುವ ಹೋಲಿಕೆಯನ್ನೂ ಕೊಡಬೇಕು ಅಂತ ನಾನು ಸೇರಿಸಿದೆ. ಎರಡನೆಯ ಅಂಕಿ ಯಾವಾಗಲೂ ಸಣ್ಣದಾಗಿ ಕಾಣುತ್ತೆ. ಅದಕ್ಕೇ ಕೆಲವರಿಗೆ ಅದು ಇಷ್ಟವಿಲ್ಲ.

ಈಗ ಬೀದಿ ದೀಪಗಳು ಮುಗಿದಿವೆ. ಪಂಪುಗಳು ಅರ್ಧ. ಸರ್ಕಾರಿ ಕಟ್ಟಡಗಳ ತಾರಸಿ ಬಹುತೇಕ ತುಂಬಿದೆ. ಕಸದ ಗುಡ್ಡೆಯ ಸ್ಥಾವರ ಟೆಂಡರಿನಲ್ಲಿದೆ. ಹೊಸ ಜಗಳ ವಾಹನಗಳದ್ದು. ಪೆಟ್ರೋಲ್ ಎಂಜಿನ್ ತನಗೆ ಹಾಕಿದ ಇಂಧನದ ಕಾಲು ಭಾಗದಷ್ಟನ್ನೇ ಚಕ್ರಕ್ಕೆ ಮುಟ್ಟಿಸುತ್ತೆ, ಉಳಿದದ್ದು ಶಾಖವಾಗಿ ಹೋಗುತ್ತೆ. ಎಲೆಕ್ಟ್ರಿಕ್ ವಾಹನ ಬಹುಪಾಲನ್ನು ಮುಟ್ಟಿಸುತ್ತೆ. ಹಾಗಾಗಿ ಊರಿನ ಒಟ್ಟು ಇಂಧನ ಇಳಿದರೂ ಕರೆಂಟಿನ ಬೇಡಿಕೆ ಮಾತ್ರ ಏರುತ್ತೆ, ನಾವು ಕಷ್ಟಪಟ್ಟು ಕಂಡುಹಿಡಿದ ಆ ನೂರು ಈಗ ದೊಡ್ಡದಾಗುತ್ತಿದೆ. ಹಳೆಯ ನೂರಕ್ಕೇ ನಿಲ್ಲೋಣ ಅನ್ನುವವರು ಸಮಿತಿಯಲ್ಲಿ ಅರ್ಧ ಜನ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ. ಬಸ್ ಡಿಪೋದಿಂದ ಡೀಸೆಲ್ ಪುಸ್ತಕ ಕೇಳಿದ್ದೇವೆ. ಪತ್ರ ಕೊಡಿ ಅಂದಿದ್ದಾರೆ.